ಕಾಯೋಟಿ ಕಾಟಕ್ಕೆ ಯಾವ ರೈಫಲ್, ಯಾವ ತೋಟಾ? ಟೆಕ್ಸಸ್‌ನಲ್ಲಿ ಆಡು ಸಾಕಿರುವವರು ಹೇಳಿ

ಆಡಿನಮನೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಸ್‌ನ ಲ್ಯಾನೋ ಕೌಂಟಿಯಲ್ಲಿ. 20 ಎಕರೆ ಜಾಗ. ಅರ್ಧ ಬಯಲು, ಇನ್ನರ್ಧ ಸೀಡರ್, ಮೆಸ್ಕೀಟ್ ಪೊದೆ. ಬೋಯರ್ ಆಡು ಸಾಕಿದ್ದೇವೆ. ವಾರದ ದಿನಗಳಲ್ಲಿ ಆಸ್ಟಿನ್‌ನ ಆಫೀಸ್ ಕೆಲಸ, ಬೆಳಗ್ಗೆ ಸಂಜೆ ಆಡಿನ ಕೆಲಸ. ಈ ಸಲ ಮರಿ ಹಾಕುವ ಕಾಲದಲ್ಲಿ ಒಂದೊಂದೇ ಮರಿ ಕಾಣೆಯಾಗಲು ಶುರುವಾಯಿತು. ಪಕ್ಕದ ರಾಂಚಿನ ಮುದುಕರು ಬಂದು ಬೇಲಿ ಕೆಳಗಿನ ಹೆಜ್ಜೆ ನೋಡಿ "ಕಾಯೋಟಿ, ಬೇರೆ ಮಾತೇ ಇಲ್ಲ" ಎಂದರು. ಕಾಯೋಟಿ ಅಂದರೆ ಇಲ್ಲಿಯ ಸಣ್ಣ ತೋಳದಂಥ ಕಾಡುಪ್ರಾಣಿ. ರಾತ್ರಿ ಊಳಿಡುವುದಂತೂ ಮನೆ ಹಿಂದೆಯೇ ಕೇಳುತ್ತದೆ.

ನನಗೆ ಗ್ರೀನ್ ಕಾರ್ಡ್ ಇದೆ, ಹಾಗಾಗಿ ಬಂದೂಕು ಕೊಳ್ಳಲು ತೊಂದರೆ ಇಲ್ಲ. ಹಂಟರ್ ಎಜುಕೇಶನ್ ಕೋರ್ಸ್ ಕೂಡ ಮುಗಿಸಿದ್ದೇನೆ. ಆದರೆ ಅಂಗಡಿಗೆ ಹೋದರೆ ತಲೆ ಕೆಟ್ಟು ಹೋಗುತ್ತದೆ. ಒಬ್ಬ .223 (ಇವೆಲ್ಲ ತೋಟಾದ ಅಳತೆಯ ಹೆಸರು) ಸಾಕು ಅಂತಾನೆ. ಇನ್ನೊಬ್ಬ .22-250 ಬಿಟ್ಟು ಬೇರೆ ಮುಟ್ಟಲೇಬೇಡ ಅಂತಾನೆ. ಜಿಂಕೆಗೂ ಆಗುತ್ತೆ, .243 ತಗೋ ಅಂತ ಮತ್ತೊಬ್ಬ. ಕೌಂಟರ್ ಹಿಂದೆ ನಿಂತಿದ್ದ ಹುಡುಗ 6.5 ಕ್ರೀಡ್‌ಮೋರ್ ಕೈಗಿಟ್ಟು ಎಲ್ಲದಕ್ಕೂ ಇದೊಂದೇ ಅಂದುಬಿಟ್ಟ. ತೋಟಾ ಕಪಾಟಿನ ಮುಂದೆ ನಿಂತರಂತೂ 40 ಗ್ರೇನ್, 55 ಗ್ರೇನ್, 62 ಗ್ರೇನ್, ವಿ-ಮ್ಯಾಕ್ಸ್, ಎಫ್‌ಎಂಜೆ, ಸಾಫ್ಟ್ ಪಾಯಿಂಟ್, ಒಂದೂ ಅರ್ಥವಾಗುವುದಿಲ್ಲ.

ಸ್ಕೋಪ್ ಎಲ್ಲಾ ಸೇರಿ 1,200 ಡಾಲರ್ ದಾಟಬಾರದು. ಎಆರ್-15 ಬೇಕಾ, ಬೋಲ್ಟ್ ಆ್ಯಕ್ಷನ್ ಸಾಕಾ? (ಎಆರ್-15ರಲ್ಲಿ ಮುಂದಿನ ತೋಟಾ ತಾನಾಗಿ ಏರುತ್ತದೆ, ಬೋಲ್ಟ್‌ನಲ್ಲಿ ಪ್ರತಿ ಸಲ ಕೈಯಿಂದ ಏರಿಸಬೇಕು.) ಅನುಭವ ಇರುವವರು ಹೇಳಿ. "ಪ್ರಾಣಿಹಿಂಸೆ" ಅಂತ ಬೈಯುವವರು ಒಂದು ರಾತ್ರಿ ಬಂದು ನಮ್ಮ ಕೊಟ್ಟಿಗೆ ಕಾಯಲಿ, ಆಮೇಲೆ ಬೈಯಲಿ.

---

ಮಡಿಕೇರಿ_ಕೋವಿ:

ಹಿಲ್ ಕಂಟ್ರಿಯಲ್ಲಿ (ಲ್ಯಾನೋ ಸುತ್ತಲಿನ ಗುಡ್ಡಗಾಡು) ಒಬ್ಬ ಕನ್ನಡಿಗ ಇದ್ದಾರೆ ಅಂತ ಗೊತ್ತಾಗಿ ಖುಷಿಯಾಯಿತು. ನಾನಿರುವುದು ಸ್ಯಾನ್ ಆ್ಯಂಜೆಲೊ ಕಡೆ.

ಕ್ಯಾಲಿಬರ್ ಮಾತು ಆಮೇಲೆ. ಮೊದಲು ನಿಮ್ಮ ಜಾಗದ ಲೆಕ್ಕ ನೋಡಿ. 20 ಎಕರೆ ಚೌಕವಾಗಿದ್ದರೆ ಒಂದೊಂದು ಬದಿ ಸುಮಾರು 310 ಗಜ. ನಡುವೆ ನಿಂತರೆ ಯಾವ ಕಡೆ ನೋಡಿದರೂ ಬೇಲಿ 155 ಗಜಕ್ಕೆ ಬಂತು. ಅದರಲ್ಲೂ ಅರ್ಧ ಪೊದೆ ಅಂದಿದ್ದೀರಿ. ಅಂದರೆ ನೀವು ನಿಜವಾಗಿ ಹೊಡೆಯುವುದು 50ರಿಂದ 150 ಗಜದ ಒಳಗೆ. 400 ಗಜದ ಮಾತಾಡುವವರು ಆಡುತ್ತಿರಲಿ, ನಿಮ್ಮ ಜಾಗದಲ್ಲಿ ಅಷ್ಟು ದೂರವೇ ಇಲ್ಲ ಅಲ್ವಾ?

ಇನ್ನು ಪ್ರಾಣಿ. ಟೆಕ್ಸಸ್ ಕಾಯೋಟಿ ಹೆಚ್ಚೆಂದರೆ 40 ಪೌಂಡ್ ತೂಗುತ್ತದೆ, ಸುಮಾರಷ್ಟು ಅದಕ್ಕಿಂತ ಕಡಿಮೆಯೇ. ಚಳಿಗಾಲದಲ್ಲಿ ರೋಮ ಉಬ್ಬಿ ದೊಡ್ಡದಾಗಿ ಕಾಣುತ್ತದೆ. ಹತ್ತಿರ ಹೋಗಿ ರೋಮ ಒತ್ತಿ ನೋಡಿದರೆ ಒಳಗೆ ತೆಳ್ಳನೆ ಎಲುಬಿನ ಗೂಡು. ಎದುರು ಮುಖ ಮಾಡಿ ನಿಂತರೆ ಎದೆಯ ಅಗಲ ಒಂದು ಅಂಗೈಯಷ್ಟು, ಅಷ್ಟೇ. ಇಂಥದ್ದಕ್ಕೆ ಬೇಕಾಗಿರುವುದು ದೊಡ್ಡ ಗುಂಡಲ್ಲ. ಸರಿಯಾದ ಕಡೆ ಬೀಳುವ, ಒಳಗೆ ಹೋಗಿ ಒಡೆಯುವ ಸಣ್ಣ ಗುಂಡು.

.223 ರೆಮಿಂಗ್ಟನ್, 50 ಅಥವಾ 55 ಗ್ರೇನ್ (ಗುಂಡಿನ ತೂಕ), ಪ್ಲಾಸ್ಟಿಕ್ ತುದಿಯ ವಾರ್ಮಿಂಟ್ ಗುಂಡು, ಅಂದರೆ ಕಾಟ ಕೊಡುವ ಸಣ್ಣ ಪ್ರಾಣಿಗೆಂದೇ ಮಾಡಿದ, ತಾಗಿದೊಡನೆ ಒಡೆಯುವ ಗುಂಡು. ವಿ-ಮ್ಯಾಕ್ಸ್ ಇದೇ ಜಾತಿ. 55 ಗ್ರೇನ್ ವಿ-ಮ್ಯಾಕ್ಸ್ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 3,240 ಅಡಿ ವೇಗದಲ್ಲಿರುತ್ತದೆ, ಶಕ್ತಿ 1,280 ಅಡಿ-ಪೌಂಡ್ ಹತ್ತಿರ. 150 ಗಜಕ್ಕೆ ಇದು ಬೇಕಾದ್ದಕ್ಕಿಂತ ಜಾಸ್ತಿಯೇ. ಒದೆತ ಇಲ್ಲ. ಒದೆತ ಇಲ್ಲದ್ದರಿಂದ ಗುಂಡು ಬಿದ್ದ ಜಾಗ ಸ್ಕೋಪಿನಲ್ಲೇ ಕಾಣುತ್ತದೆ, ಎರಡನೇ ಈಡಿಗೆ ಅದು ದೊಡ್ಡ ಅನುಕೂಲ. ತೋಟಾ ಎಲ್ಲಾ ಊರಿನಲ್ಲಿ ಸಿಗುತ್ತದೆ, ಉಳಿದವಕ್ಕಿಂತ ಅಗ್ಗ, ಹಾಗಾಗಿ ಅಭ್ಯಾಸ ಜಾಸ್ತಿ ಮಾಡುತ್ತೀರಿ. ನನ್ನ ಲೆಕ್ಕದಲ್ಲಿ ಈ ಕೊನೆಯ ಕಾರಣ ಒಂದೇ ಸಾಕು.

ಎಫ್‌ಎಂಜೆ (ಪೂರ್ತಿ ಲೋಹದ ಕವಚದ ಗುಂಡು) ಮಾತ್ರ ಬೇಡ. ಅಗ್ಗ ಅಂತ ಎಲ್ಲರೂ ಅದನ್ನೇ ಡಬ್ಬಗಟ್ಟಲೆ ತರುತ್ತಾರೆ. ಗುರಿ ಹಲಗೆಗೆ ಸರಿ. ಪ್ರಾಣಿಗೆ ಹೊಡೆದರೆ ಈ ಕಡೆಯಿಂದ ಆ ಕಡೆ ಸಣ್ಣ ತೂತು ಮಾಡಿ ಹೋಗುವ ಸಾಧ್ಯತೆ ಜಾಸ್ತಿ, ಕಾಯೋಟಿ ಓಡಿ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಜೊತೆಗೆ ನಿಮ್ಮ ಕಡೆ ಕೆಂಪು ಗ್ರಾನೈಟ್ ನೆಲ. ಗಟ್ಟಿ ಕವಚದ ಗುಂಡು ಕಲ್ಲಿಗೆ ತಾಗಿ ಎತ್ತ ಹಾರುತ್ತದೋ ದೇವರೇ ಬಲ್ಲ. ವಾರ್ಮಿಂಟ್ ಗುಂಡು ಕಲ್ಲಿಗೆ ತಾಗಿದರೆ ಬಹುಪಾಲು ಅಲ್ಲೇ ಪುಡಿಯಾಗುತ್ತದೆ. ಪೂರ್ತಿ ಭರವಸೆ ಬೇಡ, ಆದರೂ ಎಷ್ಟೋ ವಾಸಿ.

6.5 ಕ್ರೀಡ್‌ಮೋರ್ ಒಳ್ಳೆಯ ತೋಟಾ, ಇಲ್ಲ ಅನ್ನಲ್ಲ. ಆದರೆ 140 ಗ್ರೇನ್ ಗುಂಡು ಈ ಸಣ್ಣ ಪ್ರಾಣಿಯನ್ನು ದಾಟಿ ಬೇಲಿಯಾಚೆಗೂ ಹೋಗುತ್ತದೆ. 20 ಎಕರೆಯವರಿಗೆ ಅದು ಯಾಕೆ?

---

ಪ್ರೇರಿ_ಗಾಳಿ:

ಕ್ಯಾಲ್ಗರಿಯಿಂದ ಬರೆಯುತ್ತಿದ್ದೇನೆ. ಮಡಿಕೇರಿಯವರ ಮಾತು ಅವರ ಊರಿಗೆ ಸರಿ, ಆದರೆ .223 ಸಾಕು ಅಂತ ಎಲ್ಲರಿಗೂ ಹೇಳಿಬಿಟ್ಟರೆ ಕಷ್ಟ. ನಮ್ಮಲ್ಲಿ ಮರವೇ ಇಲ್ಲ. ಕೊಯ್ಲಾದ ಗೋಧಿ ಹೊಲ, ಮೇಲೆ ಹಿಮ, ಕಣ್ಣು ಹಾಯುವವರೆಗೆ ಬಯಲು. ಕಾಯೋಟಿ 300 ಗಜದಲ್ಲೇ ನಿಂತು ನಿಮ್ಮನ್ನು ನೋಡುತ್ತದೆ, ಒಂದು ಹೆಜ್ಜೆ ಮುಂದೆ ಬರುವುದಿಲ್ಲ. ಗಾಳಿ ಬೇರೆ.

.22-250ರಲ್ಲಿ ಅದೇ 55 ಗ್ರೇನ್ ಗುಂಡು ಸೆಕೆಂಡಿಗೆ 3,680 ಅಡಿ ಹೋಗುತ್ತದೆ. 200 ಗಜಕ್ಕೆ ಸೊನ್ನೆ ಮಾಡಿಟ್ಟರೆ (ಸ್ಕೋಪಿನ ಗುರಿಯನ್ನು ಆ ದೂರಕ್ಕೆ ಹೊಂದಿಸಿಟ್ಟರೆ) 300ಕ್ಕೆ ಆರು ಇಂಚಿನಷ್ಟು ಇಳಿಯುತ್ತದೆ, .223 ಏಳೆಂಟು ಇಂಚು. ಕಾಗದದ ಮೇಲೆ ಒಂದೆರಡು ಇಂಚು ಅಷ್ಟೇ ಅನ್ನಿಸಬಹುದು, ಕೈ ಮರಗಟ್ಟಿದಾಗ ಆ ಒಂದೆರಡು ಇಂಚೇ ಮುಖ್ಯ. ರೆಮಿಂಗ್ಟನ್ ಕಂಪನಿ 1965ರಲ್ಲಿ ಇದನ್ನು ಕಾರ್ಖಾನೆ ತೋಟಾ ಮಾಡಿತು, ಅದಕ್ಕೂ ಮುಂಚೆಯೇ ಜನ ಮನೆಯಲ್ಲಿ ತುಂಬಿಕೊಂಡು ಹೊಡೆಯುತ್ತಿದ್ದರು. ಸುಮ್ನೆ ಹೆಸರು ಬಂದಿಲ್ಲ ಅದಕ್ಕೆ.

ಗಾಳಿ ಜಾಸ್ತಿ ಇರುವ ದಿನ .243ರಲ್ಲಿ ಭಾರದ ಗುಂಡು ಇನ್ನೂ ವಾಸಿ. ಹಗುರ ಬೇಕಾದರೆ 58 ಗ್ರೇನ್, ಜಿಂಕೆಗೆ 100 ಗ್ರೇನ್. ಒಂದೇ ಬಂದೂಕು ಅನ್ನುವವರಿಗೆ .243 ಅಂತ ಹೇಳಿದವರು ತಪ್ಪೇನೂ ಹೇಳಿಲ್ಲ.

ಅಂದ ಹಾಗೆ ಎಆರ್-15 ಚರ್ಚೆ ನಮಗಿಲ್ಲ. 2020ರ ಮೇ 1ರಿಂದ ಕೆನಡಾದಲ್ಲಿ ಅದು ನಿಷೇಧ. ಬೋಲ್ಟ್ ಆ್ಯಕ್ಷನ್ನೇ ಹೆಚ್ಚು, ಅದೂ ಸುರಕ್ಷತಾ ಕೋರ್ಸ್ ಮುಗಿಸಿ ಪಿಎಎಲ್ ಎಂಬ ಬಂದೂಕು ಲೈಸೆನ್ಸ್ ತೆಗೆದುಕೊಂಡ ಮೇಲೆ. ಮೊದಲು ಇಲ್ಲಿ ಚರ್ಮಕ್ಕೂ ಒಳ್ಳೆ ಬೆಲೆ ಇತ್ತು, ಜಾಕೆಟ್ಟಿನ ಟೋಪಿ ಅಂಚಿಗೆ ಹಾಕುತ್ತಾರಲ್ಲ ಆ ರೋಮ. ಚರ್ಮ ಹಾಳಾಗಬಾರದು ಅಂತ .204 ರೂಗರ್ ಇಟ್ಟುಕೊಂಡವರು ಬಹಳ ಜನ. ಕೆನಡಾ ಗೂಸ್ ಕಂಪನಿ 2021ರ ಕೊನೆಗೆ ರೋಮ ಕೊಳ್ಳುವುದನ್ನು ನಿಲ್ಲಿಸಿತು. ಈಗ ಚರ್ಮದ ಲೆಕ್ಕ ಹಾಕಿ ತೋಟಾ ಆರಿಸುವವರು ಕಡಿಮೆ.

---

ಮಡಿಕೇರಿ_ಕೋವಿ:

ಗಾಳಿ ಅಣ್ಣ, ನಿಮ್ಮ ಹೊಲಕ್ಕೆ .22-250 ಸರಿ, ಒಪ್ಪಿದೆ. ಪ್ರಶ್ನೆ ಕೇಳಿದವರು ಲ್ಯಾನೋದವರು ಅಲ್ವಾ? ಅದರ ಸದ್ದು ಜಾಸ್ತಿ, ಮದ್ದು ಜಾಸ್ತಿ, ನಳಿಗೆ ಬೇಗ ಸವೆಯುತ್ತದೆ. ತೋಟಾ ಬೆಲೆ ನೋಡಿ ಜನ ಅಭ್ಯಾಸವನ್ನೇ ಬಿಡುತ್ತಾರೆ.

---

ಬೆಟ್ಟದಹುಲ್ಲು:

ನಾನು ಬೈಯಲು ಬಂದಿಲ್ಲ, ಆಡಿನಮನೆಯವರೇ. ಪಶುವೈದ್ಯ ಕೆಲಸ, ಇದೇ ಟೆಕ್ಸಸ್‌ನಲ್ಲಿ. ಆದರೆ ರೈಫಲ್ ಕೊಳ್ಳುವ ಮುಂಚೆ ಒಂದು ಕೇಳಬೇಕು. ಮರಿ ತಿಂದದ್ದು ಕಾಯೋಟಿಯೇ ಅಂತ ಹೇಗೆ ಗೊತ್ತು? ಹೆಜ್ಜೆ ಇತ್ತು ಅನ್ನುವುದು ಸಾಲದು. ಸತ್ತ ಮರಿಯ ವಾಸನೆಗೆ ಕಾಯೋಟಿ ಬಂದೇ ಬರುತ್ತದೆ, ತಾನು ಕೊಂದಿರಲಿ ಬಿಡಲಿ.

ಮುಂದಿನ ಸಲ ಸತ್ತ ಮರಿ ಸಿಕ್ಕರೆ ಕೈಗವಸು ಹಾಕಿ ಕುತ್ತಿಗೆಯ ಚರ್ಮ ಸುಲಿದು ನೋಡಿ. ಕಾಯೋಟಿ ಸಾಮಾನ್ಯವಾಗಿ ದವಡೆಯ ಕೆಳಗೆ ಗಂಟಲನ್ನು ಹಿಡಿಯುತ್ತದೆ. ಚರ್ಮದ ಒಳಮೈಯಲ್ಲಿ ಹಲ್ಲಿನ ತೂತು, ಅದರ ಸುತ್ತ ಹೆಪ್ಪುಗಟ್ಟಿದ ಕಪ್ಪು ರಕ್ತ ಕಂಡರೆ ಜೀವ ಇದ್ದಾಗಲೇ ಕಚ್ಚಿದೆ ಅಂತ. ತೂತಿದ್ದು ರಕ್ತ ಹೆಪ್ಪುಗಟ್ಟದೆ ಇದ್ದರೆ ಮರಿ ಮೊದಲೇ ಸತ್ತಿತ್ತು, ಆಮೇಲೆ ಯಾರೋ ತಿಂದರು. ಹಿಂಗಾಲು, ಬಾಲ, ಕಿವಿ ಎಲ್ಲಾ ಕಂಡ ಕಂಡಲ್ಲಿ ಹರಿದಿದ್ದರೆ, ನಾಲ್ಕೈದು ಆಡಿಗೆ ಒಟ್ಟಿಗೆ ಗಾಯವಾಗಿ ಒಂದನ್ನೂ ಸರಿಯಾಗಿ ತಿಂದಿಲ್ಲದಿದ್ದರೆ, ಅದು ಊರ ನಾಯಿ. ಪಕ್ಕದ ಮನೆಯವರ ಮುದ್ದಿನ ನಾಯಿಯೇ ಇರಬಹುದು. ಈಗ ತಾನೆ ಹುಟ್ಟಿದ ಮರಿಯ ಕಣ್ಣು, ನಾಲಿಗೆ ಹೋಗಿದ್ದರೆ ಕಪ್ಪು ರಣಹದ್ದನ್ನು ನೆನೆಯಿರಿ. ಅದಕ್ಕೆ ಗುಂಡು ಹೊಡೆಯುವ ಹಾಗಿಲ್ಲ, ವಲಸೆ ಹಕ್ಕಿ ಕಾಯ್ದೆಯಲ್ಲಿ ಬರುತ್ತದೆ, ಪರ್ಮಿಟ್ ಬೇಕು.

ಇನ್ನೊಂದು. ಕಾಯೋಟಿ ಜೋಡಿಯಾಗಿ ಜಾಗ ಹಿಡಿದುಕೊಂಡು ಬದುಕುವ ಪ್ರಾಣಿ. ಆಡಿಗೆ ತೊಂದರೆ ಕೊಡದ ಜೋಡಿಯೊಂದು ನಿಮ್ಮ ಬೇಲಿಯಾಚೆ ಇದ್ದರೆ ಅದು ಬೇರೆ ಕಾಯೋಟಿಗಳನ್ನು ಒಳಗೆ ಬಿಡುವುದಿಲ್ಲ. ಕಂಡದ್ದನ್ನೆಲ್ಲ ಹೊಡೆದರೆ ಖಾಲಿ ಜಾಗಕ್ಕೆ ಹೊಸಬರು ಬರುತ್ತಾರೆ, ಅವರ ಬುದ್ಧಿ ಹೇಗೋ ಗೊತ್ತಿಲ್ಲ. ಜನವರಿ ಫೆಬ್ರವರಿಯಲ್ಲಿ ಕೂಡುತ್ತವೆ, ಎರಡು ತಿಂಗಳಿಗೆ ಮರಿ. ಆ ಮರಿಗಳಿಗೆ ಉಣಿಸುವ ಏಪ್ರಿಲ್, ಮೇ, ಜೂನ್‌ನಲ್ಲಿ ಆಡಿನ ಮೇಲೆ ಕಣ್ಣು ಜಾಸ್ತಿ. ಹೊಡೆಯುವುದೇ ಆದರೆ ಕೊಟ್ಟಿಗೆ ಹತ್ತಿರ ಬರುವ, ತಿನ್ನುವ ಅಭ್ಯಾಸ ಬಿದ್ದಿರುವ ಆ ಒಂದು ಜೋಡಿಯನ್ನು ಹೊಡೆಯಿರಿ. ಸುಮ್ನೆ ಸಿಕ್ಕಿದ್ದನ್ನಲ್ಲ.

ಮತ್ತೆ ಕಾವಲು ನಾಯಿ. ಗ್ರೇಟ್ ಪಿರನೀಸ್ ಅಥವಾ ಅನಟೋಲಿಯನ್ ಶೆಫರ್ಡ್ ಎರಡನ್ನು ಮರಿಯಿಂದಲೇ ಆಡಿನ ಜೊತೆ ಬೆಳೆಸಿ. ಸ್ಯಾನ್ ಆ್ಯಂಜೆಲೊದಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಆಗ್ರಿಲೈಫ್‌ನವರು ಇದರ ಮೇಲೆಯೇ ಕೆಲಸ ಮಾಡುತ್ತಾರೆ, ಕೇಳಿದರೆ ಮಾಹಿತಿ ಕೊಡುತ್ತಾರೆ. ನೀವು ಆಸ್ಟಿನ್‌ನಲ್ಲಿ ಮೀಟಿಂಗ್‌ನಲ್ಲಿ ಕೂತಿರುವಾಗ ನಿಮ್ಮ ರೈಫಲ್ ಬೀರುವಿನಲ್ಲಿ ಇರುತ್ತದೆ, ನಾಯಿ ಆಡಿನ ಜೊತೆ ಇರುತ್ತದೆ.

ಒಂದು ತಮಾಷೆ ಗೊತ್ತಾ? ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಇದೆಯಲ್ಲ, ಅದನ್ನು 1932ರಲ್ಲಿ ಇಲ್ಲಿ ಕೆರ್ ಕೌಂಟಿಯಲ್ಲಿ ಬಿಟ್ಟರು. ಈಗ ಎಡ್ವರ್ಡ್ಸ್ ಪ್ರಸ್ಥಭೂಮಿ ತುಂಬಾ ಸಾವಿರಗಟ್ಟಲೆ ಇವೆ. ಉತ್ತರದ ಕಡೆ ಚಳಿ ತಡೆಯಲಾರವು, ದಕ್ಷಿಣದ ಕಡೆ ಅವುಗಳ ಮರಿಯನ್ನು ಕಾಯೋಟಿ ಬಿಡುವುದಿಲ್ಲ. ನಿಮ್ಮ ಆಡಿನ ಕಷ್ಟವೇ ಅವಕ್ಕೂ.

---

ಆಡಿನಮನೆ:

ಡಾಕ್ಟ್ರೇ, ಕುತ್ತಿಗೆ ಸುಲಿದು ನೋಡುವ ವಿಷಯ ಯಾರೂ ಹೇಳಿರಲಿಲ್ಲ. ನಿನ್ನೆ ಬೆಳಗ್ಗೆ ಒಂದು ಸಿಕ್ಕಿತು, ನೋಡಿದೆ. ಗಂಟಲ ಎರಡೂ ಕಡೆ ತೂತು, ಸುತ್ತ ಜಾಮೂನಿನಷ್ಟು ಕಪ್ಪು ರಕ್ತದ ಗಡ್ಡೆ. ಹೊಟ್ಟೆ ಕಡೆಯಿಂದ ತಿಂದಿದೆ. ಹಾಗಾದರೆ ಕಾಯೋಟಿಯೇ. ನಾಯಿಯ ವಿಷಯ ಮನೆಯವಳಿಗೆ ಹೇಳಿದೆ, ರೈಫಲ್ಲಿಗಿಂತ ಮೊದಲು ಅದಕ್ಕೆ ಒಪ್ಪಿಗೆ ಸಿಕ್ಕಿತು! ಆದರೆ ನಾಯಿಮರಿ ಬೆಳೆದು ಕಾವಲಿಗೆ ನಿಲ್ಲಲು ಒಂದೂವರೆ ಎರಡು ವರ್ಷ ಬೇಕಂತೆ. ಅಲ್ಲಿಯವರೆಗೆ ರೈಫಲ್ ಬೇಕು.

ಮಡಿಕೇರಿಯವರೇ, .223 ಅಂತ ಮನಸ್ಸು ಮಾಡಿದೆ. ಈಗ ಬೋಲ್ಟ್ ಆ್ಯಕ್ಷನ್ ಯಾವುದು? 5.56 ಅಂತ ಬರೆದಿರುವ ತೋಟಾ ಹಾಕಬಹುದಾ? ಟ್ವಿಸ್ಟ್ ಅಂದರೆ ಏನು? ಇನ್ನೊಂದು, ನನ್ನ ತಂಗಿಯ ಗಂಡ ಡಲ್ಲಾಸ್‌ನಲ್ಲಿದ್ದಾನೆ, ಎಚ್-1ಬಿ. ಅವನೂ ಬರುತ್ತೇನೆ, ಒಂದು ಕೈ ನೋಡುತ್ತೇನೆ ಅಂತಿದ್ದಾನೆ. ಕರೆಯಬಹುದಾ?

---

ನೇರಮಾತು:

ಎಚ್-1ಬಿ ಅಂದಿದ್ದಕ್ಕೆ ಓಡಿ ಬಂದೆ. ಇದನ್ನು ಎಲ್ಲರೂ ಓದಿಕೊಳ್ಳಿ, ಇಂಥ ಕಡೆ ನಮ್ಮವರು ಸುಮ್ನೆ ಸಿಕ್ಕಿಬೀಳುತ್ತಾರೆ.

ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದವರು, ಅಂದರೆ ಎಚ್-1ಬಿ, ಎಲ್-1, ಎಫ್-1 ಎಲ್ಲಾ, ಬಂದೂಕು ಅಥವಾ ತೋಟಾ ಹೊಂದುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಕೈಯಲ್ಲಿ ಹಿಡಿದರೂ ಲೆಕ್ಕಕ್ಕೆ ಬರುತ್ತದೆ. 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ. ಶಿಕ್ಷೆ ಬಿಡಿ, ಕೇಸ್ ಆದರೆ ವೀಸಾ, ಗ್ರೀನ್ ಕಾರ್ಡ್ ಕ್ಯೂ ಎಲ್ಲಾ ಗೋವಿಂದ.

ಆದರೆ ಇದಕ್ಕೆ ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ನಿಮ್ಮ ಭಾವನ ಹತ್ತಿರ ಟೆಕ್ಸಸ್ ಲೈಸೆನ್ಸ್ ಇರಬೇಕು, ಜೇಬಿನಲ್ಲಿ ಇರಬೇಕು, ಬಂದೂಕು ಮುಟ್ಟುವ ಮೊದಲೇ ತೆಗೆದಿರಬೇಕು. ಟೆಕ್ಸಸ್ ನಿವಾಸಿಗೆ 25 ಡಾಲರ್, ಅದಕ್ಕೆ ಜಿಪುಣತನ ಮಾಡಬೇಡಿ. ಮತ್ತೆ ಈ ಲೈಸೆನ್ಸ್ ಯಾವಾಗ ಕೊಂಡರೂ ವರ್ಷ ಮುಗಿಯುವುದು ಆಗಸ್ಟ್ 31ಕ್ಕೆ. ಆ ದಿನ ದಾಟಿ ನವೀಕರಿಸದೆ ಬಂದೂಕು ಮನೆಯಲ್ಲಿ ಇಟ್ಟುಕೊಂಡರೆ ಸೆಪ್ಟೆಂಬರ್ 1ರಿಂದ ಅಪರಾಧ. ಫೋನಿನಲ್ಲಿ ಅಲಾರ್ಮ್ ಇಡಲಿ. ಕೊಳ್ಳುವ ಯೋಚನೆ ಇದ್ದರೆ ಮೊದಲು ತನ್ನ ಇಮಿಗ್ರೇಶನ್ ವಕೀಲರನ್ನು ಕೇಳಲಿ.

ಟೆಕ್ಸಸ್ ನಿಯಮ ಬೇಗ ಹೇಳಿಬಿಡುತ್ತೇನೆ. ಕಾಯೋಟಿಗೆ ಸೀಸನ್ ಇಲ್ಲ, ಸಂಖ್ಯೆಯ ಮಿತಿ ಇಲ್ಲ, ಖಾಸಗಿ ಜಾಗದಲ್ಲಿ ಹಗಲು ರಾತ್ರಿ ಎರಡೂ ನಡೆಯುತ್ತದೆ. ಲೈಸೆನ್ಸ್ ಬೇಕು, ಆದರೆ ಜಾನುವಾರಿನ ಮೇಲೆ ಬೀಳುತ್ತಿರುವ ಅಥವಾ ಈಗಷ್ಟೇ ಬಿದ್ದಿರುವ ಕಾಯೋಟಿಗೆ ಬೇಡ. 1971ರ ಸೆಪ್ಟೆಂಬರ್ 2ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕಡ್ಡಾಯ. ಬೇಟೆಯಾಡುವಾಗ ಗುಂಡು ನಿಮ್ಮ ಜಾಗದ ಗಡಿ ದಾಟಬಾರದು, ಪಕ್ಕದವರ ಜೊತೆ ಬರಹದ ಒಪ್ಪಂದ ಇದ್ದರೆ ಬೇರೆ ಮಾತು. ನಿಮ್ಮ 310 ಗಜದ ಜಾಗಕ್ಕೆ ಈ ಕೊನೆಯ ನಿಯಮವೇ ಎಲ್ಲಕ್ಕಿಂತ ದೊಡ್ಡದು. ಆ ಮುದುಕರ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

---

ಫ್ರೆಸ್ನೋ_ಗೌಡ:

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಓದುತ್ತಿರುವವರು ಇದ್ದರೆ: ಮೇಲೆ ಹೇಳಿದ ವಿ-ಮ್ಯಾಕ್ಸ್ ಇಲ್ಲಿ ನಡೆಯುವುದಿಲ್ಲ. 2019ರ ಜುಲೈ 1ರಿಂದ ಯಾವ ಕಾಡುಪ್ರಾಣಿಗೂ ಸೀಸದ ಗುಂಡು ಹೊಡೆಯುವ ಹಾಗಿಲ್ಲ, ಕಾಯೋಟಿಗೂ ಸೇರಿ. ಬಿದ್ದ ಪ್ರಾಣಿಯನ್ನು ಕಾಂಡೋರ್ ಹದ್ದು ತಿಂದು ಸೀಸದ ವಿಷಕ್ಕೆ ಸಾಯುತ್ತಿತ್ತು, ಅದಕ್ಕೆ ಬಂದ ಕಾನೂನು. .223ರಲ್ಲಿ ಬಾರ್ನ್ಸ್‌ನ 36 ಗ್ರೇನ್ ವಾರ್ಮಿಂಟ್ ಗ್ರೆನೇಡ್, ಹಾರ್ನಡಿಯ 35 ಗ್ರೇನ್ ಎನ್‌ಟಿಎಕ್ಸ್ ಇವೆ. ಹಗುರ, ವೇಗ ಜಾಸ್ತಿ, 200 ಗಜದೊಳಗೆ ಚೆನ್ನಾಗಿ ಕೆಲಸ ಮಾಡುತ್ತವೆ, ಗಾಳಿಗೆ ಮಾತ್ರ ಬೇಗ ಸರಿಯುತ್ತವೆ. ಬೆಲೆ ಕೇಳಬೇಡಿ.

---

ಮಡಿಕೇರಿ_ಕೋವಿ:

ಆಡಿನಮನೆ, ಒಂದೊಂದಾಗಿ ಹೇಳುತ್ತೇನೆ.

5.56 ಮತ್ತು .223 ಹೊರಗೆ ನೋಡಲು ಒಂದೇ, ಒತ್ತಡ ಬೇರೆ. 5.56 ಎಂದು ನಳಿಗೆ ಮೇಲೆ ಬರೆದಿದ್ದರೆ ಎರಡೂ ಹಾಕಬಹುದು. ಬರೀ .223 ರೆಮಿಂಗ್ಟನ್ ಅಂತ ಇದ್ದರೆ .223 ಮಾತ್ರ. ವೈಲ್ಡ್ ಅಂತ ಇನ್ನೊಂದು ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಬರುತ್ತದೆ, ಅದರಲ್ಲೂ ಎರಡೂ ನಡೆಯುತ್ತದೆ. ಅಂಗಡಿಯವನ ಬಾಯಿಮಾತು ನಂಬಬೇಡಿ, ನಳಿಗೆ ಓದಿ.

ಟ್ವಿಸ್ಟ್ ಅಂದರೆ ನಳಿಗೆಯೊಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಅನ್ನುವುದು. ಹಳೆಯ .223ಗಳಲ್ಲಿ 12 ಇಂಚಿಗೆ ಒಂದು ಸುತ್ತು, ಅದರಲ್ಲಿ 55 ಗ್ರೇನ್‌ವರೆಗೆ ಸರಿ, 62ಕ್ಕಿಂತ ಮೇಲೆ ಗುಂಡು ತೂರಾಡುತ್ತದೆ. ಈಗಿನವು 8 ಅಥವಾ 9 ಇಂಚಿಗೆ ಒಂದು. ನಿಮ್ಮ 50-55 ಗ್ರೇನ್‌ಗೆ ಇವೆರಡೂ ಚೆನ್ನ. 7 ಇಂಚಿಗೆ ಒಂದು ಸುತ್ತು ಇರುವ ಎಆರ್ ನಳಿಗೆಯಲ್ಲಿ ತೀರಾ ತೆಳು ಕವಚದ 40 ಗ್ರೇನ್ ಗುಂಡು ಹೊಡೆದರೆ ಸುತ್ತುವ ರಭಸಕ್ಕೆ ಗಾಳಿಯಲ್ಲೇ ಒಡೆದುಹೋಗುವುದುಂಟು. ಅಷ್ಟು ನೆನಪಿಟ್ಟುಕೊಂಡರೆ ಸಾಕು.

ರೈಫಲ್: ರೂಗರ್ ಅಮೆರಿಕನ್ ರಾಂಚ್ ನೋಡಿ. 16 ಇಂಚಿನ ಚಿಕ್ಕ ನಳಿಗೆ, ಎಆರ್ ಮ್ಯಾಗಜೀನ್ ಹಿಡಿಯುವ ಮಾಡೆಲ್ ಸಿಗುತ್ತದೆ. ಪಿಕಪ್‌ನಿಂದ ಇಳಿಸಿ ಹತ್ತಿಸಲು ಸುಲಭ. ಸ್ಯಾವೇಜ್ ಆ್ಯಕ್ಸಿಸ್ ಇನ್ನೂ ಅಗ್ಗ, ಗುರಿ ಚೆನ್ನಾಗಿದೆ, ಬೋಲ್ಟ್ ಒರಟು. ಟಿಕ್ಕಾ ಟಿ3ಎಕ್ಸ್ ಬೋಲ್ಟ್ ಬೆಣ್ಣೆ, ಆದರೆ ಅದನ್ನು ಕೊಂಡರೆ ನಿಮ್ಮ ಬಜೆಟ್‌ನಲ್ಲಿ ಸ್ಕೋಪಿಗೆ ಏನೂ ಉಳಿಯುವುದಿಲ್ಲ. ಹಣವನ್ನು ಸ್ಕೋಪಿಗೆ ಉಳಿಸಿ. ಕಾಯೋಟಿ ಬರುವುದು ಬೆಳಕು ಹರಿಯುವ ಮುಂಚೆ, ಇಲ್ಲವೇ ಕತ್ತಲಾಗುವಾಗ. ಆಗ ಒಳ್ಳೆಯ 3-9 ಸ್ಕೋಪು (3ರಿಂದ 9 ಪಟ್ಟು ದೊಡ್ಡದು ಮಾಡುವುದು) ಕೊಡುವ ಬೆಳಕು ಬೇರೆಯೇ. 24 ಪಟ್ಟು ದೊಡ್ಡದು ಮಾಡುವ ಸ್ಕೋಪು ಬೇಡ. ಹತ್ತಿರ ಬಂದ ಕಾಯೋಟಿ ಅದರಲ್ಲಿ ಬರೀ ರೋಮವಾಗಿ ಕಾಣುತ್ತದೆ, ಮುಖ ಯಾವುದು ಬಾಲ ಯಾವುದು ತಿಳಿಯುವುದಿಲ್ಲ.

ಎಆರ್-15 ಬಗ್ಗೆ: ಒಂದನ್ನು ಹೊಡೆದ ಮೇಲೆ ಜೊತೆಗಿದ್ದದ್ದು ಓಡುವಾಗ ಅದು ಒಳ್ಳೆಯದು, ಕೂಗಿ ಕರೆದಾಗ ಜೋಡಿಯಾಗಿ ಬರುವುದು ಸಾಮಾನ್ಯ ತಾನೇ. ಆದರೆ ಹೊಸಬರಿಗೆ ನಾನು ಬೋಲ್ಟ್ ಅನ್ನುತ್ತೇನೆ. ಒಂದೇ ಈಡು ಅಂತ ಗೊತ್ತಿದ್ದರೆ ಕೈ ತಾನಾಗಿ ನಿಧಾನವಾಗುತ್ತದೆ.

ಪೊದೆ ಅಂಚಿನಲ್ಲಿ ಕೂತು ಮೊಲ ಕಿರುಚುವ ಸದ್ದು ಮಾಡಿ ಕರೆಯುವುದಾದರೆ ಹನ್ನೆರಡು ಬೋರ್ ಶಾಟ್‌ಗನ್ ಕೂಡ ನೆನಪಿರಲಿ. ದಪ್ಪ ಚರೆ, ಅಂದರೆ 4ನೇ ನಂಬರ್ ಬಕ್‌ಶಾಟ್, 40 ಗಜದೊಳಗೆ. ಊರಲ್ಲಿ ಕೈಲ್ ಮುಹೂರ್ತಕ್ಕೆ ಮರದ ತುದಿಯ ತೆಂಗಿನಕಾಯಿಗೆ ಹೊಡೆದು ಬೆಳೆದ ನಮ್ಮಂಥವರಿಗೆ ಜೋಡಿ ನಳಿಗೆಯೇ ಪ್ರೀತಿ. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಬಾಗಿಲು ಮುಚ್ಚಿದ ವಿಷಯ, ಅದು ಬೇರೆ. ಕರೆಯುವಾಗ ಗಾಳಿ ನೋಡಿಕೊಳ್ಳಿ. ಕಾಯೋಟಿ ನೇರ ಬರುವುದಿಲ್ಲ, ಸುತ್ತು ಹಾಕಿ ಗಾಳಿ ಬೀಸಿ ಹೋಗುವ ಕಡೆಯಿಂದ ಮೂಗು ಎತ್ತಿಕೊಂಡು ಬರುತ್ತದೆ. ಆ ಕಡೆ ಬಯಲು ಇರುವ ಹಾಗೆ ಕೂರಬೇಕು.

---

ಬೆಟ್ಟದಹುಲ್ಲು:

ರಾತ್ರಿ ಥರ್ಮಲ್ ಸ್ಕೋಪು ಹಾಕಿ ಹೊಡೆಯುವ ಯೋಚನೆ ಇದ್ದರೆ ಒಂದು ಮಾತು. ಅದರಲ್ಲಿ ಕಾಣುವುದು ಬಿಸಿ ಆಕಾರ ಅಷ್ಟೇ, ಬಣ್ಣ ಕಾಣುವುದಿಲ್ಲ. ನಾಳೆ ನಿಮ್ಮ ಪಿರನೀಸ್ ನಾಯಿ ಬೇಲಿ ಪಕ್ಕ ಓಡುವುದೂ ಹಾಗೇ ಕಾಣುತ್ತದೆ, ಪಕ್ಕದವರ ನಾಯಿಯೂ ಹಾಗೇ. ನಾಯಿ ಬಂದ ಮೇಲೆ ಅದು ಎಲ್ಲಿದೆ ಎಂದು ಗೊತ್ತಿಲ್ಲದೆ ರಾತ್ರಿ ಟ್ರಿಗರ್ ಮುಟ್ಟಬೇಡಿ. ರಾತ್ರಿ ಹೊರಡುವ ದಿನ ಪಕ್ಕದವರಿಗೂ ಬೇಟೆ ಅಧಿಕಾರಿಯಾದ ಗೇಮ್ ವಾರ್ಡನ್‌ಗೂ ಒಂದು ಫೋನ್ ಮಾಡಿ.

ಬಿದ್ದ ಕಾಯೋಟಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಜ್ಜಿ, ಚಿಗಟ ಇದ್ದೇ ಇರುತ್ತವೆ. 1988ರಿಂದ ದಕ್ಷಿಣ ಟೆಕ್ಸಸ್‌ನ ಕಾಯೋಟಿಗಳಲ್ಲಿ ರೇಬೀಸ್ ಹರಡಿತ್ತು. 1995ರಿಂದ ವಿಮಾನದಲ್ಲಿ ಲಸಿಕೆ ತುಂಬಿದ ತುತ್ತು ಉದುರಿಸಿ ಆ ತಳಿಯನ್ನು ಅಡಗಿಸಿದರು, ಬಹಳ ದೊಡ್ಡ ಕೆಲಸ ಅದು. ಆದರೆ ಸ್ಕಂಕ್, ಬಾವಲಿಗಳಲ್ಲಿ ರೇಬೀಸ್ ಈಗಲೂ ಇದೆ. ಹಾಡಹಗಲು ತೂರಾಡುತ್ತಾ, ಮನುಷ್ಯರನ್ನು ಕಂಡೂ ಹೆದರದೆ ಬರುವ ಪ್ರಾಣಿ ಇದ್ದರೆ ತಲೆಗೆ ಹೊಡೆಯಬೇಡಿ. ಪರೀಕ್ಷೆಗೆ ಮಿದುಳು ಬೇಕಾಗುತ್ತದೆ.

---

ಆಡಿನಮನೆ:

ಬಹಳ ಬಹಳ ಥ್ಯಾಂಕ್ಸ್. ರೂಗರ್ ರಾಂಚ್ 5.56 ತಂದಾಯಿತು, 3-9 ಸ್ಕೋಪು ಅಂಗಡಿಯಲ್ಲೇ ಕೂರಿಸಿಕೊಟ್ಟರು. 55 ಗ್ರೇನ್ ವಿ-ಮ್ಯಾಕ್ಸ್ ಎರಡು ಡಬ್ಬ, ಅಭ್ಯಾಸಕ್ಕೆ ಅಗ್ಗದ್ದು ಒಂದು ಚೀಲ. ಪಕ್ಕದ ಮುದುಕರು ಒಪ್ಪಂದದ ಹಾಳೆಗೆ ಸಹಿ ಹಾಕಿ, ನನ್ನ ಬೇಲಿಗೂ ಬಂದು ಕೂರು ಅಂದರು. ಭಾವನಿಗೆ ಲೈಸೆನ್ಸ್ ತೆಗೆಯುವವರೆಗೆ ಬರೀ ಬೈನಾಕ್ಯುಲರ್ ಕೆಲಸ ಕೊಟ್ಟಿದ್ದೇನೆ, ಮುಖ ಊದಿಸಿಕೊಂಡಿದ್ದಾನೆ.

ಕೊನೆಯ ಪ್ರಶ್ನೆ. ಎಷ್ಟು ಗಜಕ್ಕೆ ಸೊನ್ನೆ ಮಾಡಲಿ? ಪ್ರೇರಿಯವರು 200 ಅಂದರು.

---

ಪ್ರೇರಿ_ಗಾಳಿ:

ನಾನು 200 ಅಂದದ್ದು ನಮ್ಮ ಬಯಲಿಗೆ. 100ಕ್ಕೆ ಒಂದೂವರೆ ಇಂಚು ಮೇಲೆ ಬಿದ್ದರೆ 200ಕ್ಕೆ ಹತ್ತಿರ ಹತ್ತಿರ ಸರಿ ಹೋಗುತ್ತದೆ. ನಿಮಗೆ ಬೇಡ. ಪಕ್ಕದಿಂದ ಗಂಟೆಗೆ 10 ಮೈಲಿ ಗಾಳಿ ಬೀಸಿದರೆ 200 ಗಜಕ್ಕೆ ನಿಮ್ಮ ಗುಂಡು ನಾಲ್ಕು ಇಂಚು ಸರಿಯುತ್ತದೆ, ಅಷ್ಟು ದೂರ ಹೊಡೆಯುವ ಆಸೆಯನ್ನೇ ಈಗ ಇಟ್ಟುಕೊಳ್ಳಬೇಡಿ.

---

ಮಡಿಕೇರಿ_ಕೋವಿ:

100 ಗಜಕ್ಕೆ ಮಾಡಿ. ಮೊದಲು 25ರಲ್ಲಿ ಹಾಳೆಗೆ ಬೀಳಿಸಿ, ಆಮೇಲೆ 100ಕ್ಕೆ ಹೋಗಿ. ತೋಟಾ ಹಾರಿಸುವುದು ಮೂರು ಮೂರರ ಗುಂಪಿನಲ್ಲಿ, ನಡುವೆ ನಳಿಗೆ ತಣ್ಣಗಾಗಲಿ. ಕೊನೆಯ ಸೊನ್ನೆ ವಿ-ಮ್ಯಾಕ್ಸ್‌ನಲ್ಲೇ ಮಾಡಿ, ಅಗ್ಗದ ತೋಟಾ ಬೇರೆ ಕಡೆ ಬೀಳುತ್ತದೆ. 100ಕ್ಕೆ ಸರಿ ಇದ್ದರೆ 150ಕ್ಕೆ ಇಳಿಯುವುದು ಒಂದು ಇಂಚಿನ ಹತ್ತಿರ, ಲೆಕ್ಕ ಹಾಕುವುದೇ ಬೇಡ. ಕಿವಿಗೆ ಮಫ್ ಹಾಕಿಕೊಳ್ಳಿ, 16 ಇಂಚಿನ ನಳಿಗೆ ಕಿವಿ ಹರಿಯುತ್ತದೆ.

ಒಂದು ಮುಖ್ಯ. ಸ್ಕೋಪು ನಳಿಗೆಗಿಂತ ಒಂದೂವರೆ ಇಂಚು ಮೇಲಿರುತ್ತದೆ. ನಿಮ್ಮ ಕಬ್ಬಿಣದ ಗೇಟಿನ ಮೇಲಿನ ಕಂಬಿಗೆ, ಪಿಕಪ್ ಬಾನೆಟ್ಟಿಗೆ ರೈಫಲ್ ಆನಿಸಿದಾಗ ಸ್ಕೋಪಿನಲ್ಲಿ ಕಾಯೋಟಿ ಚೆನ್ನಾಗಿ ಕಾಣುತ್ತದೆ, ಆದರೆ ನಳಿಗೆಯ ಬಾಯಿ ಕಂಬಿಗೆ ಎದುರಾಗಿ ಇರಬಹುದು. ಟ್ರಿಗರ್ ಮುಟ್ಟುವ ಮುಂಚೆ ಸ್ಕೋಪಿನಿಂದ ಕಣ್ಣು ತೆಗೆದು ನಳಿಗೆಯ ಬಾಯಿ ಕಂಬಿಯಿಂದ ಆಚೆ ಇದೆಯಾ ಅಂತ ಒಂದು ಸಲ ನೋಡಿಕೊಳ್ಳಿ.